ಕೂಗಿದವನಿಗೆ ಮಾತ್ರ ನ್ಯಾಯವೇ?

2008ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನಲ್ಲಿ ಪ್ರಯಾಣಿಸಿದ ಕೆನಡಾದ ಗಾಯಕ ಡೇವ್ ಕ್ಯಾರೊಲ್ ಅವರ ಗಿಟಾರ್ ಮುರಿಯಿತು. ತಿಂಗಳುಗಟ್ಟಲೆ ಅಲೆದರೂ ಕಂಪನಿ ಪರಿಹಾರ ಕೊಡಲಿಲ್ಲ. 2009ರ ಜುಲೈಯಲ್ಲಿ ಅವರು ಅದನ್ನೇ ಹಾಡು ಕಟ್ಟಿ ಯೂಟ್ಯೂಬ್‌ಗೆ ಹಾಕಿದರು. ಲಕ್ಷಾಂತರ ಜನ ನೋಡಿದ ಮೇಲಷ್ಟೇ ಕಂಪನಿಗೆ ಕಿವಿ ಬಂತು.

ಇದನ್ನು ಗ್ರಾಹಕನ ಗೆಲುವೆಂದು ಕೊಂಡಾಡುವವರಿದ್ದಾರೆ. ಹಾಗಾದರೆ ಹಾಡಲು ಬಾರದವನ ಗತಿಯೇನು? ಇಂದು ಸಾಮಾಜಿಕ ಜಾಲತಾಣದಲ್ಲಿ ದೂರು ಕಂಡೊಡನೆ ಕಂಪನಿಗಳು ‘ಕ್ಷಮಿಸಿ, ಖಾಸಗಿಯಾಗಿ ಸಂದೇಶ ಕಳಿಸಿ’ ಎನ್ನುತ್ತವೆ. ಎಷ್ಟೋ ಸಲ ಇದು ಪರಿಹಾರವಲ್ಲ, ಮಾನ ಉಳಿಸಿಕೊಳ್ಳುವ ಉಪಾಯ. ಜಾಲತಾಣವನ್ನೇ ಕಾಣದ ಕೂಲಿಕಾರ ಕೊಟ್ಟದ್ದೂ ಹಣವೇ ತಾನೇ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಯಾರಿಗೆಷ್ಟು ಹಿಂಬಾಲಕರೆಂದು ಕೇಳುವುದಿಲ್ಲ. ಸಹಾಯವಾಣಿ 1915ಕ್ಕೆ ಯಾರೂ ಕರೆ ಮಾಡಬಹುದು. ಕಾನೂನಿಗಿರುವ ಈ ವಿವೇಕ ವ್ಯಾಪಾರಿಗಳಿಗೇಕಿಲ್ಲ? ಮುಖ ನೋಡಿ ತೂಗುವ ತಕ್ಕಡಿ ತಕ್ಕಡಿಯೇ ಅಲ್ಲ.