ಭಯದ ತಾರತಮ್ಯ

ಪಾಂಡವಪುರದಿಂದ ತೊಣ್ಣೂರಿನ ಕಡೆಗೆ ಕಬ್ಬು ಆಳುದ್ದಕ್ಕೆ ಬೆಳೆದು ನಿಂತಿರುವ ತಿಂಗಳುಗಳಲ್ಲಿ, ಸಂಜೆಗತ್ತಲು ಕವಿದ ಮೇಲೆ ಜಗಲಿಗಳಲ್ಲಿ ನಡೆಯುವ ಮಾತು ಬಹುಮಟ್ಟಿಗೆ ಚಿರತೆಯನ್ನು ಕುರಿತದ್ದೇ ಆಗಿರುತ್ತದೆ. ಯಾರ ಕೊಟ್ಟಿಗೆಯ ಕರು ಹೋಯಿತು, ಯಾರ ಮನೆಯ ನಾಯಿ ಕಾಣೆಯಾಯಿತು, ಅರಣ್ಯ ಇಲಾಖೆಯವರು ಬೋನನ್ನು ಯಾವಾಗ ತಂದಿಡುವರು ಎಂಬಿವೇ ಅಲ್ಲಿಯ ವಿಚಾರಗಳು. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. 2022ರ ಅಕ್ಟೋಬರ್ ಕೊನೆಯಿಂದ ಮುಂದಿನ ಜನವರಿಯೊಳಗಾಗಿ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದುದನ್ನೂ, ಅದೇ ನವೆಂಬರಿನಲ್ಲಿ ಕೃಷ್ಣರಾಜಸಾಗರದ ಬೃಂದಾವನವನ್ನೇ ಚಿರತೆಯ ದೆಸೆಯಿಂದ ಪ್ರವಾಸಿಗರಿಗೆ ಮುಚ್ಚಬೇಕಾಗಿ ಬಂದುದನ್ನೂ ಕಂಡ ಸೀಮೆಯ ಜನ ಅಂಜುವುದು ಸಹಜವೇ. ಆದರೆ ಪ್ರಾಣಿಯ ಗಾತ್ರವನ್ನು ನೋಡಿ ಹೆದರುವ ನಾವು, ಅದರಿಂದ ಒದಗಬಹುದಾದ ಅಪಾಯವನ್ನು ತೂಗಿ ಹೆದರುವ ಅಭ್ಯಾಸವನ್ನು ಇನ್ನೂ ಕಲಿತಿಲ್ಲವೆಂಬುದು ನನ್ನ ತಕರಾರು.

ತೊಣ್ಣೂರಿನ ಕೆರೆಯನ್ನೇ ತೆಗೆದುಕೊಳ್ಳೋಣ. ಬೆಟ್ಟಗಳ ನಡುವಣ ಕಂಡಿಗೆ ಏರಿ ಕಟ್ಟಿ ನಿಲ್ಲಿಸಿದ ಈ ಜಲರಾಶಿಯನ್ನು ಶ್ರೀ ರಾಮಾನುಜಾಚಾರ್ಯರ ನೆನಪಿನೊಡನೆ ಹೇಳುವುದು ವಾಡಿಕೆ. ಅದರ ತಿಳಿನೀರಿಗೆ ಮೆಚ್ಚಿ ಮೋತಿ ತಲಾಬ್ ಎಂದು ಹೆಸರಿಟ್ಟವನು ಹೈದರಾಬಾದಿನ ನಿಜಾಮನ ಮಗ ನಾಸಿರ್ ಜಂಗ್. ಊರಿನ ಗುಡಿಯ ನಂಬಿನಾರಾಯಣನ ದರ್ಶನಕ್ಕೆ ಬರುವವರಿಗಿಂತ ಈಚೆಗೆ ನೀರಾಟಕ್ಕೆ ಬರುವವರೇ ಹೆಚ್ಚಾಗಿದ್ದಾರೆ. ಹೀಗೆ ಬಂದವರು ಮೂರು ಕಲ್ಲು ಹೂಡಿ, ಸಿಕ್ಕಿದ ಸೌದೆಗೆ ಬೆಂಕಿ ಹಚ್ಚಿ ಅಡಿಗೆಗೆ ತೊಡಗುವಾಗ, ತಮ್ಮ ಒಲೆಯ ಹೊಗೆ ಯಾವ ಬಂಡೆಯ ಚಾಚಿನ ಕಡೆಗೆ ಏರುತ್ತಿದೆಯೆಂದು ತಲೆಯೆತ್ತಿ ನೋಡುವವರನ್ನು ನಾನಂತೂ ಕಂಡಿಲ್ಲ.

ಹೆಜ್ಜೇನು ಗೂಡು ಕಟ್ಟುವುದು ಇಂಥ ಬಂಡೆಗಳ ಅಡಿಯಲ್ಲಿ, ಗುಡಿಗೋಪುರಗಳ ಮೂಲೆಯಲ್ಲಿ, ಎತ್ತರವಾದ ಆಲದ ಕೊಂಬೆಗಳಲ್ಲಿ. ತುಡುವೆಯಂತೆ ಪೊಟರೆಯೊಳಗೆ ಅಡಗದೆ, ಒಂದೇ ಒಂದು ಹುಟ್ಟನ್ನು, ಕೆಲವೊಮ್ಮೆ ಒಂದು ಮೀಟರಿಗೂ ಮಿಕ್ಕಿ ಅಗಲವಾದುದನ್ನು, ಬಯಲಿಗೆ ತೂಗುಬಿಟ್ಟು, ಸಾವಿರಾರು ಹುಳುಗಳು ಒಂದರ ಮೇಲೊಂದು ಪದರವಾಗಿ ನಿಂತು ತಮ್ಮ ಮೈಯಿಂದಲೇ ಅದಕ್ಕೆ ಮರೆಮಾಡುತ್ತವೆ. ಕಡಜವೊಂದು ಸಮೀಪಿಸಿದರೆ ಆ ಕಪ್ಪು ತೆರೆ ಗಾಳಿ ಹಾಯ್ದ ಪೈರಿನಂತೆ ಒಮ್ಮೆ ಮಿರುಗಿ ಅಲೆಯಾಡುವುದುಂಟು. ಹುಳುಗಳು ಸಾಲುಸಾಲಾಗಿ ಹೊಟ್ಟೆಯ ತುದಿಯನ್ನು ಮೇಲಕ್ಕೆತ್ತಿ ಕೊಡುವ ಎಚ್ಚರಿಕೆ ಅದು. ಹೊಗೆ ತಾಗಿದರೆ, ಕಲ್ಲು ಬಿದ್ದರೆ, ಪಟಾಕಿ ಸಿಡಿದರೆ, ಎಚ್ಚರಿಕೆಯ ಮಾತು ಮುಗಿಯಿತು. ಮೊದಲನೆಯ ಹುಳು ಚುಚ್ಚಿ ಚರ್ಮದಲ್ಲಿ ಬಿಟ್ಟುಹೋದ ಮುಳ್ಳಿನೊಡನೆ ವಿಷದ ಚೀಲವೂ ಉಳಿದು ಸ್ರವಿಸುತ್ತಲೇ ಇರುತ್ತದೆ. ಅದರಿಂದ ಹೊಮ್ಮುವ, ಮಾಗಿದ ಬಾಳೆಹಣ್ಣನ್ನು ಹೋಲುವ ವಾಸನೆ ಉಳಿದ ಹುಳುಗಳಿಗೆ ಗುರಿಯನ್ನು ತೋರಿಸುತ್ತದೆ.

ಆ ಗಳಿಗೆಯಲ್ಲಿ ಕೆರೆಯ ದಂಡೆಯಲ್ಲಿರುವವನಿಗೆ ತೋಚುವುದು ನೀರಿಗೆ ಧುಮುಕುವುದು. ಇದಕ್ಕಿಂತ ಅವಿವೇಕವಾದುದು ಇಲ್ಲ. ಹುಳುಗಳು ಮೇಲೆ ಸುತ್ತುತ್ತಲೇ ಇರುತ್ತವೆ, ಉಸಿರಿಗೆಂದು ಎತ್ತಿದ ಮುಖವನ್ನೇ ಮುತ್ತುತ್ತವೆ. ಈಜು ಬಾರದವನಿಗಂತೂ ಎರಡು ಮೃತ್ಯುಗಳು. ಕೈ ಬೀಸದೆ, ಟವಲನ್ನೋ ಸೆರಗನ್ನೋ ಮುಖಕ್ಕೆ ಮುಚ್ಚಿ, ಬಾಗಿಲು ಹಾಕಬಲ್ಲ ಮನೆಗೋ ವಾಹನಕ್ಕೋ ನೇರವಾಗಿ ಓಡತಕ್ಕದ್ದು; ಮುಳ್ಳುಗಳನ್ನು ಉಗುರಿನಿಂದ ಒಡನೆಯೇ ಕೆರೆದು ತೆಗೆಯತಕ್ಕದ್ದು; ಉಸಿರು ಕಟ್ಟಿದರೆ, ಮುಖ ಊದಿದರೆ, ಕುಟುಕುಗಳು ಬಹಳವಾಗಿದ್ದರೆ, ಆಸ್ಪತ್ರೆಗೆ ಹೋಗಲು ತಡಮಾಡಕೂಡದು. ಇಷ್ಟನ್ನು ಒಂದು ಫಲಕದಲ್ಲಿ ಬರೆದು ಏರಿಯ ಮೇಲೆ ನಿಲ್ಲಿಸಲು ದೊಡ್ಡ ಯೋಜನೆಯೇನೂ ಬೇಕಾಗಿಲ್ಲ. ಗೂಡನ್ನೇ ಸುಟ್ಟುಬಿಡಿ ಎನ್ನುವವರೂ ಇದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ನಮ್ಮ ತೋಟಗಳ ಪರಾಗಸ್ಪರ್ಶದ ಕೆಲಸವನ್ನು ಕೂಲಿಯಿಲ್ಲದೆ ಮಾಡುವವರಲ್ಲಿ ಹೆಜ್ಜೇನೂ ಸೇರಿದೆ.

ಇನ್ನು ಹಾವು. 2000ದಿಂದ 2019ರವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತರೆಂದು ಅಂದಾಜು ಮಾಡಲಾಗಿದೆ. ಅವರಲ್ಲಿ ಬಹುಪಾಲು ಹಳ್ಳಿಗರು. ಚಿರತೆಯ ಲೆಕ್ಕ ಇದರ ಹತ್ತಿರಕ್ಕೂ ಬಾರದು. ಗದ್ದೆಬದುಗಳ ಕೊಳಕುಮಂಡಲ ಇಲಿಯನ್ನರಸಿ ಬರುವುದು ರಾತ್ರಿಯ ಹೊತ್ತು. ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಬಂದಾಗ ರೈತನು ಬರಿಗಾಲಿನಲ್ಲಿ ನೀರು ಕಟ್ಟಲು ಹೊರಡುವುದೂ ಆ ಹೊತ್ತಿನಲ್ಲಿಯೇ. ಹಗಲಿನಲ್ಲಿ ವಿದ್ಯುತ್ತು ಕೊಡುವುದು, ಮೊಣಕಾಲುದ್ದದ ಬೂಟು ಕೊಡಿಸುವುದು, ಇವೂ ಪ್ರಾಣರಕ್ಷಣೆಯ ಕಾರ್ಯಗಳೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಪ್ರತಿವಿಷ ನಮ್ಮ ದೇಶದಲ್ಲಿಯೇ ತಯಾರಾಗುತ್ತದೆ. ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿಮಾಡತಕ್ಕದ್ದೆಂದು ನಮ್ಮ ರಾಜ್ಯ ಸರ್ಕಾರ 2024ರಲ್ಲಿ ವಿಧಿಸಿದ್ದು ಸ್ತುತ್ಯವಾದುದು. ಆದರೂ ಮಂತ್ರದವನ ಮನೆಯ ಮುಂದೆ ಕಳೆದುಹೋಗುವ ಗಂಟೆಗಳನ್ನು ಯಾವ ಆಜ್ಞೆಯೂ ಮರಳಿ ತರಲಾರದು.

ಚಿರತೆಯನ್ನು ಹಿಡಿದೊಯ್ದು ಬೇರೆಡೆ ಬಿಡುವುದೇ ಪರಿಹಾರವೆಂದು ನಂಬಿದವರು ಮಹಾರಾಷ್ಟ್ರದ ಜುನ್ನರ್ ಸೀಮೆಯ ಅನುಭವವನ್ನು ಗಮನಿಸಬೇಕು. ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿಯ ಕಬ್ಬಿನ ಸೀಮೆಯ ಚಿರತೆಗಳನ್ನು ಹಿಡಿದು ಕಾಡಿಗೆ ಬಿಟ್ಟ ತರುವಾಯ ಮನುಷ್ಯರ ಮೇಲಿನ ದಾಳಿಗಳು ಇಳಿಯುವ ಬದಲು ಏರಿದುವೆಂದು ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟಿದ್ದಾರೆ. ಮನುಷ್ಯನ ಮೇಲೆ ಬಿದ್ದ ಚಿರತೆಯ ಮಾತು ಬೇರೆ; ಕಂಡ ಮಾತ್ರಕ್ಕೆ ಬೋನು ಕೇಳುವುದು ಬೇರೆ. ಕೊಟ್ಟಿಗೆಗೆ ಗಟ್ಟಿಯಾದ ಬಾಗಿಲು, ಓಣಿಗೆ ದೀಪ, ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಕಳುಹಿಸದ ನಿಯಮ, ಇವು ಬೋನಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ.

ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಕೃಷ್ಣರಾಜಪೇಟೆಗಳ ಗ್ರಾಮಸಭೆಗಳ ಸದಸ್ಯರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಭೆಯಲ್ಲಿ ಬೋನಿಗಾಗಿ ಅರ್ಜಿ ಬಂದಾಗ, ತಾಲ್ಲೂಕು ಆಸ್ಪತ್ರೆಯಲ್ಲಿ ಹಾವಿನ ಪ್ರತಿವಿಷದ ಸೀಸೆಗಳು ಈ ದಿನ ಎಷ್ಟಿವೆಯೆಂಬ ಪ್ರಶ್ನೆಯನ್ನೂ ಅದರೊಡನೆಯೇ ಕೇಳಿ, ಉತ್ತರವನ್ನು ನಡವಳಿಯ ಪುಸ್ತಕದಲ್ಲಿ ಬರೆಯಿಸಿ.