ಗಡುವು ದಾಟಿತೆಂದು ಪರಿಹಾರದ ರೊಕ್ಕ ಬಿಡಬೇಡಿ!

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಮುಳುಗಡೆ ಸಂತ್ರಸ್ತರಲ್ಲಿ ಕಳಕಳಿಯ ವಿನಂತಿ



ಕೃಷ್ಣಾ ಮೇಲ್ದಂಡೆ ಯೋಜನೆಗೆ ಮನೆ, ಅಂಗಡಿ, ಖುಲ್ಲಾ ಜಾಗ ಕೊಟ್ಟಿದ್ದೀರಾ? ಪರಿಹಾರ ಕೊಡುವಾಗ ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಮುರಿದುಕೊಂಡಿದ್ದಾರೆಯೇ? ಹಾಗಿದ್ದರೆ ಈ ಕರಪತ್ರವನ್ನು ಪೂರ್ತಿ ಓದಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿ.

ಕಾನೂನು ಹೀಗಿದೆ

ಕೃಷಿ ಜಮೀನಿನ ಪರಿಹಾರಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ 194ಎಲ್‌ಎ ಕಲಮಿನ ಟಿಡಿಎಸ್ ಅನ್ವಯಿಸುವುದೇ ಇಲ್ಲ. ಮನೆ-ಜಾಗದ ಪರಿಹಾರಕ್ಕೆ ಶೇ. 10, ಪ್ಯಾನ್ ಕೊಡದಿದ್ದರೆ ಶೇ. 20. ಎಂಟು ಲಕ್ಷದ ಪರಿಹಾರದಲ್ಲಿ 80 ಸಾವಿರ, ಪ್ಯಾನ್ ಇಲ್ಲದವರಿಗೆ 1.60 ಲಕ್ಷ ಹೋಗುತ್ತದೆ.

ಆದರೆ 2013ರ ಭೂಸ್ವಾಧೀನ ಕಾಯ್ದೆಯಡಿ ಐತೀರ್ಪು ಆಗಿದ್ದರೆ, ಅದರ 96ನೇ ಕಲಂ ಪ್ರಕಾರ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ. ನೇರ ತೆರಿಗೆ ಮಂಡಳಿ 2016ರ ಅಕ್ಟೋಬರ್ 25ರ ಸುತ್ತೋಲೆಯಲ್ಲಿ ಇದನ್ನೇ ಖಚಿತಪಡಿಸಿತು. 2017ರ ತಿದ್ದುಪಡಿಯ ಬಳಿಕ ಇಂಥ ಪರಿಹಾರದಲ್ಲಿ ಟಿಡಿಎಸ್ ಮುರಿಯುವಂತೆಯೂ ಇಲ್ಲ. 1894ರ ಹಳೆಯ ಕಾಯ್ದೆಯಡಿ ಐತೀರ್ಪು ಆದವರಿಗೆ ಈ ವಿನಾಯಿತಿ ಇಲ್ಲ. ಆದರೂ ಲೆಕ್ಕ ಹಾಕಿದಾಗ ತೆರಿಗೆ ಕಡಿಮೆ ಬಂದರೆ ಹೆಚ್ಚು ಮುರಿದದ್ದು ವಾಪಸ್ ಬರಬೇಕು. ಹೆಚ್ಚುವರಿ ಪರಿಹಾರದ ಮೇಲಿನ ಬಡ್ಡಿಗೆ ತೆರಿಗೆ ಬೀಳುವಲ್ಲಿಯೂ ಅರ್ಧ ಭಾಗಕ್ಕೆ ಮಾತ್ರ.

ಗಡುವಿನ ಅನ್ಯಾಯ

ಹೀಗೆ ಮುರಿದ ರೊಕ್ಕ ತಾನಾಗಿ ವಾಪಸ್ ಬರುವುದಿಲ್ಲ, ಆದಾಯ ತೆರಿಗೆ ರಿಟರ್ನ್ ಸಲ್ಲಿಸಬೇಕು. ಪರಿಹಾರ ಬಂದ ಆರ್ಥಿಕ ವರ್ಷ ಮಾರ್ಚ್‌ನಲ್ಲಿ ಮುಗಿದರೆ, ತಡವಾಗಿ ಸಲ್ಲಿಸುವವರಿಗೂ ಡಿಸೆಂಬರ್ 31 ಕೊನೆ. ಬರೀ ಒಂಬತ್ತು ತಿಂಗಳು! ಒಕ್ಕಲುತನದ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಜನ್ಮದಲ್ಲಿ ರಿಟರ್ನ್ ತುಂಬದ ಮನೆತನಗಳು ಆ ಒಂಬತ್ತು ತಿಂಗಳಲ್ಲಿ ಹೊಸ ಜಾಗ ಹುಡುಕಬೇಕೋ, ಸಿಎ ಹುಡುಕಬೇಕೋ?

ಕೃಷ್ಣಾ ಎರಡನೇ ನ್ಯಾಯಾಧಿಕರಣ ಆಲಮಟ್ಟಿ ಅಣೆಕಟ್ಟೆಯ ಎತ್ತರವನ್ನು 524.256 ಮೀಟರಿಗೆ ಒಪ್ಪಿದ್ದು 2010ರ ಡಿಸೆಂಬರ್‌ನಲ್ಲಿ. ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ಎಂದು ರಾಜ್ಯ ಸಂಪುಟ ತೀರ್ಮಾನಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಆಳುವವರು ಹದಿನೈದು ವರ್ಷ ತೆಗೆದುಕೊಳ್ಳಬಹುದು. ಊರು ಬಿಟ್ಟವನು ಒಂದು ದಿನ ತಡ ಮಾಡಬಾರದು. ಇದು ಯಾವ ನ್ಯಾಯ?

ಗಡುವು ದಾಟಿದವರಿಗೂ ದಾರಿ ಇದೆ

1961ರ ಆದಾಯ ತೆರಿಗೆ ಕಾಯ್ದೆಯ 119(2)(ಬಿ) ಕಲಂ ಅಡಿ ವಿಳಂಬ ಮನ್ನಿಸಲು ಅರ್ಜಿ ಕೊಡಬಹುದು. ನೇರ ತೆರಿಗೆ ಮಂಡಳಿಯ 2024ರ ಅಕ್ಟೋಬರ್ 1ರ ಸುತ್ತೋಲೆಯಂತೆ ಕರನಿರ್ಧಾರಣೆ ವರ್ಷ (ಪರಿಹಾರ ಬಂದ ಆರ್ಥಿಕ ವರ್ಷದ ಮುಂದಿನ ವರ್ಷ) ಮುಗಿದು ಐದು ವರ್ಷದವರೆಗೆ ಅವಕಾಶವಿದೆ:

• 2020-21ರಲ್ಲಿ ಪರಿಹಾರ ಪಡೆದವರಿಗೆ: 31 ಮಾರ್ಚ್ 2027
• 2021-22ರವರಿಗೆ: 31 ಮಾರ್ಚ್ 2028
• 2022-23ರವರಿಗೆ: 31 ಮಾರ್ಚ್ 2029

ಕೋರ್ಟ್ ಆದೇಶದಿಂದ ರೀಫಂಡ್ ಹುಟ್ಟಿದ್ದರೆ ವ್ಯಾಜ್ಯ ನಡೆದ ಕಾಲವನ್ನು ಈ ಐದು ವರ್ಷದಲ್ಲಿ ಹಿಡಿಯುವುದಿಲ್ಲ. ಆದರೆ ಆದೇಶವಾದ ಆರು ತಿಂಗಳೊಳಗೆ ಅರ್ಜಿ ಹಾಕಿಬಿಡಿ. ಒಂದು ಕೋಟಿವರೆಗಿನ ಅರ್ಜಿಯನ್ನು ಆದಾಯ ತೆರಿಗೆಯ ಪ್ರಧಾನ ಆಯುಕ್ತರು ಇಲ್ಲವೇ ಆಯುಕ್ತರೇ ತೀರ್ಮಾನಿಸುತ್ತಾರೆ.

ಈಗಲೇ ಮಾಡಿ: ಫಾರ್ಮ್ 26ಎಎಸ್ ತೆಗೆಸಿ, ಎಷ್ಟು ಮುರಿದಿದ್ದಾರೆ ನೋಡಿ. ಐತೀರ್ಪಿನ ಪ್ರತಿ, ಪಾಸ್‌ಬುಕ್, ಪ್ಯಾನ್, ಆಧಾರ್ ಜೋಡಿಸಿಡಿ. ಪರಿಹಾರ ಪಡೆದವರು ತೀರಿಕೊಂಡಿದ್ದರೆ ವಾರಸುದಾರರು ಅರ್ಜಿ ಹಾಕಬಹುದು. ತಡವಾದದ್ದೇಕೆ ಎಂಬುದನ್ನು ದಾಖಲೆ ಸಮೇತ ಇದ್ದದ್ದು ಇದ್ದ ಹಾಗೆ ಬರೆಯಿರಿ.

ನಮ್ಮ ಬೇಡಿಕೆಗಳು

1. 2013ರ ಕಾಯ್ದೆಯ ಐತೀರ್ಪಿನ ಪರಿಹಾರದಲ್ಲಿ ಒಂದು ರೂಪಾಯಿಯನ್ನೂ ಮುರಿಯಬಾರದು.
2. ಮುರಿದರೆ, ಎಷ್ಟು ಮುರಿದರು, ಯಾವ ತಾರೀಖಿನೊಳಗೆ ವಾಪಸ್ ಕೇಳಬೇಕು ಎಂಬ ಕನ್ನಡದ ಚೀಟಿಯನ್ನು ಪರಿಹಾರದ ಜೊತೆಗೇ ಕೊಡಬೇಕು.
3. ನಾಲ್ಕೂ ತಾಲ್ಲೂಕುಗಳಲ್ಲಿ ಡಿಸೆಂಬರ್‌ಗೆ ಮುಂಚೆ ಪ್ರತಿ ವರ್ಷ ಶಿಬಿರ ನಡೆಸಬೇಕು.
4. ವಿಳಂಬ ಮನ್ನಿಸಿ ಕೊಡುವ ರೀಫಂಡ್‌ಗೆ ಈಗ ಬಡ್ಡಿ ಸಿಗುವುದಿಲ್ಲ. ತಪ್ಪಾಗಿ ಮುರಿದ ರೊಕ್ಕಕ್ಕಾದರೂ ಬಡ್ಡಿ ಕೊಡಬೇಕು.

ಕೇಳಿದರೆ ಏನಾದೀತು ಅನ್ನಬೇಡಿ. 2025ರ ಹೊಸ ಆದಾಯ ತೆರಿಗೆ ಮಸೂದೆಯ ಮೊದಲ ಕರಡಿನಲ್ಲಿ, ಗಡುವಿನೊಳಗೆ ರಿಟರ್ನ್ ಸಲ್ಲಿಸದವರಿಗೆ ರೀಫಂಡ್ ಇಲ್ಲ ಎಂಬ ಷರತ್ತಿತ್ತು. ಸಂಸತ್ತಿನ ಆಯ್ಕೆ ಸಮಿತಿ ಬೇಡವೆಂದಿತು, ಷರತ್ತು ಬಿದ್ದುಹೋಯಿತು. ದಿಲ್ಲಿಯಲ್ಲಿ ಆದದ್ದು ಬಾಗಲಕೋಟೆಯಲ್ಲೂ ಆದೀತು. ಈ ಬೇಡಿಕೆಗಳ ಕೆಳಗೆ ಸಹಿ ಹಾಕಿ ನಿಮ್ಮ ತಹಶೀಲ್ದಾರ್ ಕಚೇರಿಗೆ ಕೊಡಿ, ಸ್ವೀಕೃತಿ ಪಡೆಯಿರಿ.

— ಮುಳುಗಡೆ ಸಂತ್ರಸ್ತ ಕುಟುಂಬಗಳ ಪರವಾಗಿ
(ಓದಿದ ಮೇಲೆ ಇನ್ನೊಬ್ಬರಿಗೆ ಕೊಡಿ)