ಕಾಟಾದ ಮೇಲೆ ಮಲಪ್ರಭೆಯೂ ಬರಲಿ

2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಹಗಲು ರಾತ್ರಿ ಕುಳಿತಾಗ ನಾಡಿನ ಕಿವಿಗೆ ಬಿದ್ದ ಪ್ರಶ್ನೆ ಒಂದೇ: ಟನ್ನಿಗೆ ಎಷ್ಟು? ಸರ್ಕಾರ ಕೊನೆಗೆ 3,300 ರೂಪಾಯಿ ಎಂದಿತು. ಆ ಹೋರಾಟ ನ್ಯಾಯದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಟನ್ನಿಗೆ ನೀರೆಷ್ಟು ಹೋಯಿತು, ಯೂರಿಯಾ ಎಷ್ಟು, ಪಂಪ್‌ಸೆಟ್ಟಿನ ಕರೆಂಟು ಎಷ್ಟು, ಸುಟ್ಟ ರವದಿಯ ಹೊಗೆ ಎಷ್ಟು ಎಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಯಾವ ಸಭೆಯಲ್ಲಿ ಯಾರು ಕೇಳಿದ್ದೇವೆ?

ಕೇಳೋಣ. ಲೆಕ್ಕ ಕಠಿಣವಲ್ಲ, ಒಂದು ಹಳೇ ನೋಟ್‌ಬುಕ್ಕು ಸಾಕು. ಕಬ್ಬಿಗೆ ಅದರ ಆಯುಷ್ಯದಲ್ಲಿ ಬೇಕಾಗುವ ನೀರು 1,500ರಿಂದ 2,500 ಮಿ.ಮೀ. ನಡುವಿನ 2,000 ಹಿಡಿಯಿರಿ: ಎಕರೆಗೆ ಸುಮಾರು 80 ಲಕ್ಷ ಲೀಟರ್. ಎಕರೆಗೆ 40 ಟನ್ ಬಂದರೆ ಟನ್ನಿಗೆ 2 ಲಕ್ಷ ಲೀಟರ್. ರಿಕವರಿ ನೂರಕ್ಕೆ 10 ಎಂದರೂ ಒಂದು ಕಿಲೋ ಸಕ್ಕರೆಗೆ 2,000 ಲೀಟರ್. ಸವದತ್ತಿ, ರಾಮದುರ್ಗದ ಕಡೆ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಉಳಿದ 1,400 ಮಿ.ಮೀ., ಅಂದರೆ ಎಕರೆಗೆ 56 ಲಕ್ಷ ಲೀಟರಿನಷ್ಟು, ಬೋರ್‌ವೆಲ್ಲಿನಿಂದಲೋ ಕಾಲುವೆಯಿಂದಲೋ ಹೊಳೆಯಿಂದಲೋ ಬರಬೇಕು. ಈ ದರದಲ್ಲಿ ಒಂದು ಟಿಎಂಸಿ ನೀರು ಸುಮಾರು 5,000 ಎಕರೆ ಕಬ್ಬಿಗೆ ಮುಗಿದುಹೋಗುತ್ತದೆ, ಅದೂ ದಾರಿಯಲ್ಲಿ ಹನಿಯೂ ಸೋರದಿದ್ದರೆ.

ಈಗ ಇನ್ನೊಂದು ಅಂಕಿ ಪಕ್ಕದಲ್ಲಿಡಿ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕಳಸಾ-ಬಂಡೂರಿಗೆ ಕೊಟ್ಟದ್ದು 3.90 ಟಿಎಂಸಿ. ಅಷ್ಟು ನೀರಿಗಾಗಿ ನಾವು ಎಷ್ಟು ಬಂದ್ ಮಾಡಿದೆವು, ಎಷ್ಟು ಲಾಠಿ ತಿಂದೆವು! ಅದು ಇಪ್ಪತ್ತು ಸಾವಿರ ಎಕರೆ ಕಬ್ಬು ಒಂದು ಹಂಗಾಮಿನಲ್ಲಿ ಕುಡಿಯುವ ನೀರು. ಮಹದಾಯಿ ಬೇಡವೆಂದು ನಾನು ಹೇಳುತ್ತಿಲ್ಲ, ಬೇಕು. ಗೋವೆಯ ಎದುರು ಹನಿಹನಿಗೂ ವಾದಿಸುವ ನಾವು ನಮ್ಮ ಹೊಲದ ಬದುವಿನೊಳಗೆ ಬಂದೊಡನೆ ಲೆಕ್ಕ ಮರೆಯುವುದೇಕೆ ಎಂದಷ್ಟೇ ಕೇಳುತ್ತಿದ್ದೇನೆ.

ಹೀಗೆ ಒಂದು ವಸ್ತುವಿನ ಬೆನ್ನು ಹತ್ತಿ, ಅದು ಮಣ್ಣಿನಿಂದ ಎದ್ದ ಗಳಿಗೆಯಿಂದ ಕಸವಾಗಿ ಮಣ್ಣಿಗೆ ಬೀಳುವವರೆಗೆ ಏನು ತಿಂದಿತು, ಏನು ಉಗುಳಿತು ಎಂದು ಬರೆದಿಡುವ ಶಾಸ್ತ್ರವೇ ಜೀವನಚಕ್ರ ಮೌಲ್ಯಮಾಪನ. 1969ರಲ್ಲಿ ಕೋಕಾ-ಕೋಲಾ ಕಂಪನಿ ತನ್ನ ಬಾಟಲಿಗಳ ಬಗ್ಗೆ ಮಾಡಿಸಿದ ಅಧ್ಯಯನ ಇದರ ಮೊದಲ ಹೆಜ್ಜೆಗಳಲ್ಲೊಂದು. ಇಂದು ಐಎಸ್‌ಒ 14040, 14044 ಎಂಬ ಜಾಗತಿಕ ಮಾನದಂಡಗಳು ಅದಕ್ಕಿವೆ. ಮೊದಲು ಅಳತೆಯ ಘಟಕ ನಿಗದಿಯಾಗಬೇಕು, ಒಂದು ಕಿಲೋ ಸಕ್ಕರೆ ಎಂದೋ ಒಂದು ಲೀಟರ್ ಎಥೆನಾಲ್ ಎಂದೋ. ಎಲ್ಲಿಂದ ಎಲ್ಲಿಯವರೆಗೆ ಎಣಿಸುತ್ತೇವೆ ಎಂಬ ಗಡಿ ಹಾಕಬೇಕು. ಒಳಬಂದದ್ದು, ಹೊರಹೋದದ್ದು ಪಟ್ಟಿಯಾಗಬೇಕು. ಅದರಿಂದ ನೀರಿಗೆ, ಗಾಳಿಗೆ, ಮಣ್ಣಿಗೆ ಏನಾಯಿತೆಂದು ತೂಗಬೇಕು. ಮೋಸವೆಲ್ಲ ಹುಟ್ಟುವುದು ಗಡಿ ಹಾಕುವ ಜಾಗದಲ್ಲಿ. ಕಾರ್ಖಾನೆಯ ಗೇಟಿನಿಂದ ಎಣಿಕೆ ಶುರುಮಾಡಿದರೆ ಸಕ್ಕರೆಯಷ್ಟು ಸ್ವಚ್ಛವಾದದ್ದು ಇನ್ನೊಂದಿಲ್ಲ.

ನಮ್ಮ ಕಾನೂನು ಕೂಡ ಗೇಟಿನ ಒಳಗೇ ನಿಲ್ಲುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿ ಕೊಳವೆಯ ತುದಿಯಲ್ಲಿ ನಿಂತು ಹೊರಬೀಳುವ ನೀರನ್ನು ಪರೀಕ್ಷಿಸುತ್ತದೆ. ಪರೀಕ್ಷಿಸಲಿ, ಡಿಸ್ಟಿಲರಿಯ ಸ್ಪೆಂಟ್‌ವಾಶ್ ಹೊಳೆಗೆ ಸೇರಿದರೆ ಮೀನು ಉಳಿಯುವುದಿಲ್ಲ. ಆದರೆ ಕೊಳವೆಯ ಹಿಂದಿರುವ ಸಾವಿರಾರು ಎಕರೆ? ಎಕರೆಗೆ 100 ಕಿಲೋ ಸಾರಜನಕ ಹಾಕಿದರೆ, ಐಪಿಸಿಸಿಯ ಸಾಮಾನ್ಯ ಲೆಕ್ಕದಂತೆ ಅದರ ನೂರರಲ್ಲೊಂದು ಪಾಲು ನೈಟ್ರಸ್ ಆಕ್ಸೈಡಾಗಿ ಮೇಲೇರುತ್ತದೆ. ಆ ಅನಿಲದ ಬಿಸಿಯೇರಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿನ 273 ಪಟ್ಟು. ಅಂದರೆ, ಸಾರಜನಕದ ಜೊತೆಗೂಡುವ ಆಮ್ಲಜನಕದ ತೂಕವನ್ನೂ ಹಿಡಿದರೆ, ಎಕರೆಗೆ 400 ಕಿಲೋಗೂ ಮಿಕ್ಕಿದ ಇಂಗಾಲದ ಡೈಆಕ್ಸೈಡಿಗೆ ಸಮ. ಇದಕ್ಕೆ ಹೊಗೆಯಿಲ್ಲ, ವಾಸನೆಯಿಲ್ಲ, ನೋಟಿಸೂ ಇಲ್ಲ. ಪೆಟ್ರೋಲಿಗೆ ನೂರಕ್ಕೆ 20ರಷ್ಟು ಎಥೆನಾಲ್ ಬೆರೆಸಿದ್ದೇವೆಂದು ದೇಶ 2025ರಲ್ಲಿ ಬೆನ್ನು ತಟ್ಟಿಕೊಂಡಿತು. ಹಸಿರು ಇಂಧನವಂತೆ. ಕಾರಿನ ಸೈಲೆನ್ಸರ್ ನೋಡಿದರೆ ಇದ್ದೀತು. ರಾಮದುರ್ಗದ ಬೋರ್‌ವೆಲ್ ನೋಡಿದವರು ಆ ಬಣ್ಣವನ್ನು ಇನ್ನೊಮ್ಮೆ ಪರೀಕ್ಷಿಸಬೇಕು.

ಹಾಗೆಂದು ಈ ಲೆಕ್ಕ ಕಬ್ಬಿನ ಮೇಲಿನ ದೂರರ್ಜಿಯಲ್ಲ. ಒಂದು ಟನ್ ಕಬ್ಬು ಅರೆದರೆ 300 ಕಿಲೋದಷ್ಟು ಬಗಾಸ್ ಬರುತ್ತದೆ. ಅದನ್ನು ಉರಿಸಿ ಕಾರ್ಖಾನೆ ತನ್ನ ಕರೆಂಟು ತಾನೇ ಮಾಡಿಕೊಂಡು ಉಳಿದದ್ದನ್ನು ಗ್ರಿಡ್ಡಿಗೆ ಕೊಡುತ್ತದೆ, ಅಷ್ಟು ಕಲ್ಲಿದ್ದಲು ಉಳಿಯುತ್ತದೆ. ಪ್ರೆಸ್‌ಮಡ್ ಹೊಲಕ್ಕೆ ಮರಳಿದರೆ ಗೊಬ್ಬರ. ಇವೆಲ್ಲ ಜಮೆಯ ಕಡೆ ಬರೆಯಬೇಕಾದವು. ಈ ಶಾಸ್ತ್ರಕ್ಕೆ ನಮ್ಮ ಭಾವನೆಗಳ ದಾಕ್ಷಿಣ್ಯವೂ ಇಲ್ಲ. ಹತ್ತಿಯೆಂದೊಡನೆ ನಾವು ಪವಿತ್ರವೆನ್ನುತ್ತೇವೆ, ಆದರೆ ನೀರು ಕಟ್ಟಿ, ಔಷಧಿ ಹೊಡೆದು ಬೆಳೆದ ಹತ್ತಿಯೂ ಭಾರವೇ. ಎರಿ ಹೊಲದಲ್ಲಿ ಮಳೆಯನ್ನೇ ನಂಬಿ ಬೆಳೆಯುತ್ತಿದ್ದ ಜಯಧರ ಹತ್ತಿಯ ನೀರಾವರಿ ಖರ್ಚು ಸೊನ್ನೆ. ಅಂಥ ಬೆಳೆ ಈ ಸೀಮೆಯಿಂದ ಸರಿದುಹೋಗುವಾಗ ನಮ್ಮ ಕೈಯಲ್ಲಿದ್ದದ್ದು ಬರೀ ಕ್ವಿಂಟಲ್ ದರದ ಚೀಟಿ. ನೀರಿನ ಕಾಲಮ್ಮು ಅದರಲ್ಲಿದ್ದಿದ್ದರೆ ನಿರ್ಧಾರ ಬೇರೆಯಾಗುತ್ತಿತ್ತೇನೋ.

ಇನ್ನು ಮನುಷ್ಯರ ಲೆಕ್ಕ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2009ರಲ್ಲಿ ಸಾಮಾಜಿಕ ಜೀವನಚಕ್ರ ಮೌಲ್ಯಮಾಪನಕ್ಕೂ ಮಾರ್ಗಸೂಚಿ ತಂದಿತು. ಹಂಗಾಮು ಬಂತೆಂದರೆ ಕೂಸುಕುನ್ನಿ ಕಟ್ಟಿಕೊಂಡು ಹೊಲದ ದಂಡೆಗೆ ಗುಡಿಸಲು ಹಾಕುವ ಕಬ್ಬು ಕಡಿಯುವ ಗ್ಯಾಂಗುಗಳನ್ನು ಎಲ್ಲರೂ ಕಂಡಿದ್ದೇವೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳಲ್ಲಿ ಅನೇಕರು ಗರ್ಭಕೋಶ ತೆಗೆಸಿಕೊಂಡ ಸುದ್ದಿ 2019ರಲ್ಲಿ ದೇಶವನ್ನೇ ನಾಚಿಸಿತು. ಶಾಲೆ ತಪ್ಪಿದ ಆ ಕೂಸುಗಳನ್ನು ನಮ್ಮ ಸಕ್ಕರೆಯ ಯಾವ ಖಾತೆಗೆ ಹಾಕುತ್ತೀರಿ?

ಲೆಕ್ಕ ಕೇಳುವುದು ಈ ನೆಲಕ್ಕೆ ಹೊಸದಲ್ಲ. ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ, ಬಾರದ ನೀರಿಗೂ ಅಭಿವೃದ್ಧಿ ಕರ ಕಟ್ಟಿರೆಂದಾಗ ಮಲಪ್ರಭೆಯ ರೈತರು ಯಾಕೆಂದು ಕೇಳಿದರು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ನೆತ್ತರು ಹರಿಯಿತು, ಸರ್ಕಾರದ ಬುಡವೇ ಅಲುಗಿತು. ಸರ್ಕಾರಕ್ಕೆ ಲೆಕ್ಕ ಕೇಳಿದ ಜನ ತಮ್ಮ ಬೆಳೆಗೆ, ತಮ್ಮ ಕಾರ್ಖಾನೆಗೆ ಕೇಳಲಾರರೆ? ಹೊಳೆಯ ಪಾತ್ರದೊಳಗೇ ಕಬ್ಬು ಹಚ್ಚಿ ಹೊಳೆಯನ್ನು ಕಾಲುವೆ ಮಾಡಿದವರು ಹೊರಗಿನವರಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ರಾಮದುರ್ಗದ ಓಣಿಗಳಿಗೆ ನುಗ್ಗಿದಾಗ ಮಳೆಯನ್ನಷ್ಟೇ ಬೈದು ಸುಮ್ಮನಾದೆವು.

ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರ್ಖಾನೆಯ ಶೇರುದಾರರೇ, ಕಾರ್ಖಾನೆ ನಿಮ್ಮದು. ಮುಂದಿನ ವಾರ್ಷಿಕ ಸಭೆಯಲ್ಲಿ ದರದ ಜೊತೆಗೆ ಇದನ್ನೂ ವಿಷಯಪಟ್ಟಿಗೆ ಹಾಕಿಸಿ: ಕಿಲೋ ಸಕ್ಕರೆಗೆ ನೀರೆಷ್ಟು, ಕರೆಂಟೆಷ್ಟು, ಹೊಗೆಯೆಷ್ಟು. ಖಾಸಗಿ ಕಾರ್ಖಾನೆಗೆ ಕಬ್ಬು ಕಳಿಸುವವರು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕೇಳಿ. ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಿದೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಅಲ್ಲಿಯ ವಿದ್ವಾಂಸರೇ, ಬ್ರೆಜಿಲ್ಲಿನ ಕಬ್ಬಿನ ಅಂಕಿಗಳನ್ನು ತಂದು ನಮ್ಮ ಎರಿ ಮಣ್ಣಿಗೆ ಹಚ್ಚಬೇಡಿ. ಈ ನಾಲ್ಕು ತಾಲೂಕುಗಳ ಹೊಲಕ್ಕೆ ಇಳಿದು ಅಳೆಯಿರಿ, ಅಳೆದದ್ದನ್ನು ಕನ್ನಡದಲ್ಲಿ ಪಂಚಾಯಿತಿ ಕಟ್ಟೆಗೆ ಅಂಟಿಸಿರಿ. ಅರೆಯುವ ಸಾಮರ್ಥ್ಯ ಹೆಚ್ಚಿಸಲು, ಹೊಸ ಡಿಸ್ಟಿಲರಿ ಹಾಕಲು ಅರ್ಜಿ ಹಿಡಿದು ಬಂದವರು ಹೊಲದಿಂದ ಹೊಳೆಯವರೆಗಿನ ಈ ಲೆಕ್ಕ ತೋರಿಸದಿದ್ದರೆ, ಸಾರ್ವಜನಿಕ ಅಹವಾಲು ಸಭೆಯಲ್ಲಿ ಎದ್ದುನಿಂತು ಬೇಡವೆನ್ನಿ. ನೀವು ಬರೀ ಸಹಿ ಮಾಡಿ ಚಹಾ ಕುಡಿದು ಬಂದ ಸಭೆಯ ನಡಾವಳಿಯೇ ನಾಳೆ ನಿಮ್ಮ ಒಪ್ಪಿಗೆಯೆಂದು ದಾಖಲಾಗುತ್ತದೆ.